ನಲವತ್ತೊಂದರ ಹಾಜರಿ

ನನಗೊಂದು ಕೆಟ್ಟ ಅಭ್ಯಾಸವಿದೆ. ನಾಲ್ಕು ಜನ ಕೂತಲ್ಲಿ ಯಾರದಾದರೂ ಹೆಸರನ್ನೋ ನಂಬರನ್ನೋ ಕರೆದಾಗ ಕರೆಸಿಕೊಂಡವರು ಓಗೊಡದೆ ಹೋದರೆ ನನ್ನ ಗಂಟಲು ತುರಿಸತೊಡಗುತ್ತದೆ. ಬ್ಯಾಂಕು, ಪಾಸ್‌ಪೋರ್ಟ್ ಕಚೇರಿ, ನಮ್ಮ ಸೊಸೈಟಿಯ ಮೀಟಿಂಗು, ಎಲ್ಲ ಕಡೆಯೂ ಇದೇ ಕತೆ. ಮೊನ್ನೆ ಖಾರಘರ್‌ನ ಹಲ್ಲಿನ ಡಾಕ್ಟರ ಬಳಿ ನನ್ನ ಸರದಿಗೆ ಕಾಯುತ್ತಿದ್ದೆ. ಕೌಂಟರಿನ ಹುಡುಗಿ ಯಾರೋ ಒಬ್ಬ ಗಂಡಸರ ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದಳು. ಮೂರನೆಯ ಸಲಕ್ಕೆ ಅವಳು ಬಾಯಿ ತೆರೆಯುವ ಮೊದಲೇ ನನ್ನ ಬಾಯಿಂದ ‘ಪ್ರೆಸೆಂಟ್ ಸರ್’ ಎಂದು ಬಿದ್ದುಹೋಯಿತು. ಸೀರೆ ಉಟ್ಟ, ಮೂವತ್ತು ದಾಟಿದ ಹೆಂಗಸನ್ನು ಆ ಹುಡುಗಿ ಮೇಲಿಂದ ಕೆಳಗೆ ನೋಡಿದ ರೀತಿಯನ್ನು ನಾನಿಲ್ಲಿ ವರ್ಣಿಸುವುದಿಲ್ಲ.

ಜೊತೆಗಿದ್ದ ಅಕ್ಕನ ಮಗಳು ಶ್ರೇಯಾ ಮೊಬೈಲಿನಿಂದ ಮುಖ ಎತ್ತಿ, “ಚಿಕ್ಕಮ್ಮ, ಕ್ಯಾ ಕರ್ ರಹೀ ಹೋ? ಲೋಗ್ ದೇಖ್ ರಹೇ ಹೈ” ಎಂದಳು. ಈ ಮಗುವಿಗೆ ಕನ್ನಡ ತುಳು ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳ ಕಾಲೇಜಿನಲ್ಲಿ ಆಗ ವಿದ್ಯಾರ್ಥಿ ಚುನಾವಣೆ ಮತ್ತೆ ಶುರುವಾಗುತ್ತದಂತೆ ಎಂಬ ಸುದ್ದಿ ಹಬ್ಬಿತ್ತು. ನಾವಿರುವ ಈ ಮರಾಠಿ ನಾಡಿನಲ್ಲಿ ಹೊಡೆದಾಟಗಳ ನೆಪದಲ್ಲಿ ಅದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಶ್ರೇಯಾಳಿಗೆ ಅದು ಬೇಡದ ರಗಳೆ. “ಟಾಪರ್ ಕೋ ಬನಾ ದೋ ನಾ ರೆಪ್ರೆಸೆಂಟೇಟಿವ್, ಖತಮ್. ಇಲೆಕ್ಷನ್ ಕಿಸ್‌ಲಿಯೇ?” ಎಂದು, ಹೆಚ್ಚು ಅಂಕದವರನ್ನೇ ಪ್ರತಿನಿಧಿ ಮಾಡಿದರೆ ಮುಗಿಯಿತಲ್ಲ ಎಂಬಂತೆ, ನನ್ನನ್ನೇ ಕೇಳಿದಳು.

ಹಲ್ಲು ನೋಯುತ್ತಿದೆ ಎಂದು ಕೆನ್ನೆ ಹಿಡಿದು ತಪ್ಪಿಸಿಕೊಂಡೆ. ಅವಳಿಗೆ ಹೇಳಬೇಕಿದ್ದ ಉತ್ತರ ಉದ್ದವಿತ್ತು, ಅದರಲ್ಲಿ ದೆವ್ವವೂ ಇತ್ತು.

ದೆವ್ವ ಅಂದ ಮೇಲೆ ನನ್ನ ಅಜ್ಜಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೇಸಿಗೆ ರಜೆಯಲ್ಲಿ ಅಮ್ಮನ ಊರಿಗೆ, ಅಂದರೆ ಕುಂದಾಪುರದ ಆಚೆಗೆ, ಹೋದಾಗ ಕತ್ತಲಾಗುತ್ತಲೇ ಅವರ ಪಾಠ ಶುರುವಾಗುತ್ತಿತ್ತು. “ಹೊರಗಿಂದ ಯಾರಾದ್ರೂ ಹೆಸರು ಹಿಡ್ದು ಕರೆದ್ರೆ ಒಂದನೇ ಸಲಕ್ಕೆ ಓಗೊಡ್‌ಬೇಡ ಮಗಾ. ಮೂರು ಸಲ ಕರೆದ್ರೆ ಮನುಷ್ಯರು. ಒಂದೇ ಸಲ ಕರೆದು ಸುಮ್ಮನಾದ್ರೆ ಅದು ಬೇರೆ.” ಆ ‘ಬೇರೆ’ ಎನ್ನುವಾಗ ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ನಾವು ನಮ್ಮ ಮನೆಯಿದ್ದ ಡೊಂಬಿವಲಿಗೆ ವಾಪಸಾದ ಮೇಲೂ ಎದುರು ಮನೆಯ ಕಾಕೂ ಸಕ್ಕರೆಗೋ ಮೊಸರಿಗೋ ಕರೆದರೆ ನಾನು ಮೂರನೆಯ ಕೂಗಿಗೆ ಕಾಯುತ್ತಿದ್ದೆ. ಈ ಹುಡುಗಿಗೆ ಕಿವಿ ಮಂದ ಎಂದು ಕಾಕೂ ಅಮ್ಮನ ಹತ್ತಿರ ಕನಿಕರದಿಂದ ಹೇಳಿದ್ದರಂತೆ. ಅಜ್ಜಿ ಒಂದನ್ನು ಮಾತ್ರ ಕಲಿಸಿರಲಿಲ್ಲ. ದೆವ್ವ ನಮ್ಮನ್ನು ಕರೆದರೆ ಏನು ಮಾಡಬೇಕೆಂದು ಗೊತ್ತಿತ್ತು. ನಾವು ಕರೆದಾಗ ಅದು ಓಗೊಟ್ಟರೆ ಏನು ಮಾಡಬೇಕು?

ನಾನು ಕಾಲೇಜು ಸೇರಿದ್ದು ಡೊಂಬಿವಲಿಯಲ್ಲೇ, ಬಿ.ಕಾಂ.ಗೆ. ಮೊಬೈಲು ಇನ್ನೂ ಮಿಸ್ಡ್ ಕಾಲ್ ಕೊಡುವುದಕ್ಕಷ್ಟೇ ಇದ್ದ ಕಾಲ. ಅಡ್ಮಿಷನ್ನಿನ ಕ್ಯೂ ಗೇಟಿನ ಹೊರಗೆ ರಸ್ತೆಯವರೆಗೆ ಬೆಳೆದಿತ್ತು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಪ್ಪ ಬೆಳಗಿನ ಗಿರಾಕಿಗಳನ್ನು ಬಿಟ್ಟು ಬಂದು ನಿಂತಿದ್ದರು. ಅವರು ಸಿಟ್ಟು ಬಂದಾಗ ಮಾತ್ರ ತುಳು ಬಿಟ್ಟು ಶುದ್ಧ ಕನ್ನಡಕ್ಕೆ ಇಳಿಯುತ್ತಿದ್ದರು. ಫೋಟೋ ಮರೆತು ಬಂದಿದ್ದಕ್ಕೆ ಅವರು ನನಗೆ ಕನ್ನಡದಲ್ಲಿ ಮಂಗಳಾರತಿ ಎತ್ತುತ್ತಿದ್ದಾಗ ಮುಂದೆ ನಿಂತ ಹುಡುಗಿ ತಿರುಗಿ ನೋಡಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. “ಕನ್ನಡದೋರಾ ನೀವು? ನಮ್ದು ಗುಲ್ಬರ್ಗಾ ಕಡಿ. ಶರಣಮ್ಮ ಅಂತ ನನ್ನ ಹೆಸರು” ಎಂದು ಚೀಲದಿಂದ ಹುರಿದ ಶೇಂಗಾ ತೆಗೆದು ಮೊದಲು ಅಪ್ಪನಿಗೆ, ಆಮೇಲೆ ನನಗೆ ಕೊಟ್ಟಳು. ಅಪ್ಪನ ಸಿಟ್ಟು ಅಲ್ಲಿಗೆ ಇಳಿಯಿತು. ನಮ್ಮ ಕಾಲೇಜಿನಲ್ಲಿ ರೋಲ್ ನಂಬರು ಕೊಡುತ್ತಿದ್ದದ್ದು ಫೀಸು ಕಟ್ಟಿದ ಕ್ರಮದಲ್ಲಿ. ಹಾಗಾಗಿ ಅವಳು ನಲವತ್ತೊಂದು, ನಾನು ನಲವತ್ತೆರಡು, ಮುಂದಿನ ವರ್ಷಕ್ಕೂ ಅದೇ.

ಶರಣಮ್ಮನ ಮನೆ ಟಿಟ್ವಾಳಾದಲ್ಲಿ, ಒಂದೊಂದೇ ಕೋಣೆಯ ಸಾಲುಮನೆಗಳ ಒಂದು ಚಾಳಿನಲ್ಲಿ. ಅವಳ ಅಪ್ಪ, ಅವ್ವ ಇಬ್ಬರೂ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಕೆಲಸಕ್ಕಿದ್ದರು. ಅದೇ ಚಾಳಿನ ರೇಣುಕಾ ಎಂಬ ಬಿಜಾಪುರದ ಹುಡುಗಿಯೂ ನಮ್ಮ ತರಗತಿಯಲ್ಲಿದ್ದಳು. ಇವರಿಬ್ಬರ ಕನ್ನಡ ನನಗೆ ಮೊದಮೊದಲು ಅರ್ಧ ಅರ್ಥವಾಗುತ್ತಿತ್ತು. ನನ್ನ ‘ಮಾರಾಯ್ತಿ’ ಕೇಳಿ ಇಬ್ಬರೂ ಬಾಯಿಗೆ ದುಪಟ್ಟಾ ಒತ್ತಿ ನಗುತ್ತಿದ್ದರು.

ನಮ್ಮ ಮೊದಲ ಪಾಠ ಬೆಳಗ್ಗೆ ಏಳಕ್ಕೆ. ಹತ್ತು ನಿಮಿಷ ಕಳೆಯುತ್ತಲೇ ಗೇಟು ಬಂದ್. ಆ ಹೊತ್ತಿಗೆ ತಲುಪಬೇಕಾದರೆ ಇವರು ಹತ್ತಬೇಕಾದದ್ದು ಕಸಾರಾ ಕಡೆಯಿಂದ ತುಂಬಿ ತುಳುಕುತ್ತ ಬರುವ ಲೋಕಲ್ ರೈಲು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಒಂದು ಕಾಲಿಗೆ ಜಾಗ ಸಿಕ್ಕರೆ ಅದೇ ಪುಣ್ಯ. ಅದರ ಹಿಂದೆಯೇ ಟಿಟ್ವಾಳಾದಿಂದಲೇ ಹೊರಡುವ ಖಾಲಿ ಗಾಡಿಯೊಂದಿತ್ತು. ಅದರಲ್ಲಿ ಕಿಟಕಿ ಪಕ್ಕ ಕೂತು ಬರಬಹುದು, ಆದರೆ ಬಂದು ತಲುಪುವಷ್ಟರಲ್ಲಿ ಗೇಟು ಮುಚ್ಚಿರುತ್ತಿತ್ತು. ಡೊಂಬಿವಲಿಯಲ್ಲೇ ಮನೆಯಿದ್ದು, ಇಡ್ಲಿ ತಿಂದು ನಡೆದುಕೊಂಡು ಬರುವ ನನ್ನಂಥವಳಿಗೆ ಈ ಗೇಟು ಒಂದು ಕಬ್ಬಿಣದ ವಸ್ತು ಅಷ್ಟೇ ಆಗಿತ್ತು.

ಮೊದಲ ಪಾಠ ಅಕೌಂಟ್ಸಿನ ಜೋಶಿ ಸರ್ ಅವರದು. ಅವರಿಗೆ ನಾವೆಲ್ಲ ಬರೀ ಅಂಕಿಗಳು. ತಲೆ ಎತ್ತದೆ ‘ಫಾರ್ಟಿ, ಫಾರ್ಟಿ ಒನ್, ಫಾರ್ಟಿ ಟೂ’ ಎಂದು ಓಡಿಸುತ್ತಿದ್ದರು. ‘ಪ್ರೆಸೆಂಟ್ ಸರ್’ ಎಂಬುದು ಕಿವಿಗೆ ಬಿದ್ದರೆ ಸಾಕು, ಯಾರ ಬಾಯಿಂದ ಬಿತ್ತು ಎಂಬ ಕುತೂಹಲ ಅವರಿಗಿರಲಿಲ್ಲ. ಇಂಥ ಗುರುಗಳಿದ್ದಲ್ಲಿ ಪ್ರಾಕ್ಸಿ ಹುಟ್ಟದೆ ಇರುತ್ತದೆಯೇ? ಗಾಡಿ ತಡವಾದ ದಿನ ಬಾರದವರ ಹಾಜರಿಯನ್ನು ಬಂದವರು ಹೇಳುವುದು ನಮ್ಮಲ್ಲಿ ಚಹಾ ಕೊಡಿಸುವಷ್ಟು ಸಹಜವಾದ ಮರ್ಯಾದೆಯಾಗಿತ್ತು. “ಮಾಲಿನಿ, ಗಾಡಿ ತಡ ಆದ್ರ ನನ್ನ ನಂಬರಿಗಿ ನೀನೇ ಒಂದು ದನಿ ಕೊಡು. ಹ್ಯಾಂಗೂ ಬಾಜೂಕೇ ಇದ್ದಿ” ಎಂದು ಶರಣಮ್ಮ ನನಗೆ ವಹಿಸಿದ್ದಳು. ನಲವತ್ತೊಂದಕ್ಕೆ ತುಸು ದಪ್ಪ ದನಿ, ನಲವತ್ತೆರಡಕ್ಕೆ ನನ್ನ ಸ್ವಂತದ್ದು. ಇಷ್ಟಾದರೂ ಮೊದಲ ವರ್ಷದ ಪರೀಕ್ಷೆಯಲ್ಲಿ ಇಡೀ ಡಿವಿಜನ್ನಿಗೆ ಮೊದಲಿಗಳಾಗಿ ಬಂದದ್ದು ಅವಳೇ. ನಾನು ಎಷ್ಟನೆಯವಳು ಎಂದು ನೀವು ಕೇಳಬೇಡಿ, ನಾನು ಹೇಳುವುದೂ ಇಲ್ಲ.

ಎರಡನೆಯ ವರ್ಷದ ಜುಲೈ. ಜಡಿಮಳೆಯ ಒಂದು ಬೆಳಗ್ಗೆ ಶರಣಮ್ಮ ಆ ಕಸಾರಾ ಗಾಡಿಯ ಬಾಗಿಲಿನಿಂದ ಬಿದ್ದಳು. ಅಂಬಿವಲಿ ದಾಟಿದ ಮೇಲೆ. ಪಕ್ಕದಲ್ಲಿ ಜೋತುಬಿದ್ದಿದ್ದ ರೇಣುಕಾಳ ಕೈಯಲ್ಲಿ ಅವಳ ಚೀಲ ಉಳಿಯಿತು, ಅವಳು ಉಳಿಯಲಿಲ್ಲ.

ಅವಳ ಅಪ್ಪ ಅವ್ವ ಅವಳನ್ನು ಊರಿಗೊಯ್ದವರು ಮತ್ತೆ ಟಿಟ್ವಾಳಾಕ್ಕೆ ಬರಲಿಲ್ಲ. ತರಗತಿಯಲ್ಲಿ ನಾವು ನಾವೇ ಎರಡು ನಿಮಿಷ ಎದ್ದು ನಿಂತೆವು. ಆಫೀಸಿನವರು ಮಾತ್ರ ಹೆಸರು ತೆಗೆಯಲಿಲ್ಲ, ಪಾಲಕರ ಅರ್ಜಿ ಬಾರದೆ ತೆಗೆಯುವಂತಿಲ್ಲವಂತೆ. ಹೀಗಾಗಿ ಮರುದಿನ ಬೆಳಗ್ಗೆ ಜೋಶಿ ಸರ್ ಎಂದಿನಂತೆ ತಲೆ ತಗ್ಗಿಸಿ ‘ಫಾರ್ಟಿ’ ಎಂದರು, ಉತ್ತರ ಬಂತು. ‘ಫಾರ್ಟಿ ಒನ್’ ಎಂದರು.

ಫ್ಯಾನು ಕಟಕಟ ತಿರುಗುವುದು ಕೇಳಿಸುತ್ತಿತ್ತು. ನನ್ನ ಗಂಟಲು ತುರಿಸಿತು, ಆದರೆ ನಾಲಿಗೆ ಏಳಲಿಲ್ಲ. ಆಗ ಹಿಂದಿನ ಬೆಂಚುಗಳ ಕಡೆಯಿಂದ ‘ಪ್ರೆಸೆಂಟ್ ಸರ್’ ಎಂದು ಕೇಳಿತು. ಹುಡುಗಿಯ ದನಿ. ಮೆಟ್ಟಿಲು ಹತ್ತಿ ಓಡಿಬಂದವರ ಹಾಗೆ ತುಸು ಏದುಸಿರಿತ್ತು. ಸರ್ ಗುರುತು ಹಾಕಿ ಮುಂದೆ ಹೋದರು. ನಾನು ನನ್ನದನ್ನು ಹೇಗೋ ಹೇಳಿದೆ. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ. ತಿರುಗಿದರೆ ಅಲ್ಲಿ ಯಾರೋ ಇದ್ದಾರೆ ಎಂಬುದಕ್ಕಿಂತ, ಯಾರೂ ಇಲ್ಲ ಎಂದು ತಿಳಿಯುವುದೇ ಹೆಚ್ಚು ಹೆದರಿಕೆಯದಾಗಿತ್ತು.

ಆಮೇಲೆ ದಿನವೂ ಹೀಗೆಯೇ ನಡೆಯಿತು. ಒಂದು ದಿನ ಕಿಟಕಿಯ ಕಡೆಯಿಂದ, ಇನ್ನೊಂದು ದಿನ ಬಾಗಿಲ ಬಳಿಯಿಂದ, ಒಮ್ಮೆಯಂತೂ ನನ್ನ ಬೆನ್ನಿಗೇ ಅಂಟಿಕೊಂಡಂತೆ. ಕ್ಯಾಂಟೀನಿನಲ್ಲಿ ನಾವು ಸಿನಿಮಾ, ನೋಟ್ಸು, ಪಕ್ಕದ ಡಿವಿಜನ್ನಿನ ಪ್ರೇಮ ಪ್ರಕರಣಗಳು ಎಲ್ಲವನ್ನೂ ಮಾತಾಡುತ್ತಿದ್ದೆವು, ಇದೊಂದನ್ನು ಬಿಟ್ಟು. ಯಾರೋ ಹೇಳುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡೆವು. ಆ ಯಾರೋ ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಗಸ್ಟಿನಲ್ಲಿ ನೋಟೀಸು ಬೋರ್ಡಿನ ಮುಂದೆ ಗುಂಪು ಸೇರಿತು. ನಮ್ಮ ಕಾಲದಲ್ಲಿ ತರಗತಿಯ ಪ್ರತಿನಿಧಿಯನ್ನು ವಿದ್ಯಾರ್ಥಿಗಳು ಆರಿಸುವಂತಿರಲಿಲ್ಲ, ಆಫೀಸೇ ನೇಮಿಸುತ್ತಿತ್ತು. ಹಿಂದಿನ ವರ್ಷದ ಅಂಕ ನೋಡುವುದು, ಈ ವರ್ಷದ ಹಾಜರಿ ನೋಡುವುದು, ಹೆಸರು ಬರೆಯುವುದು. ಹಾಗೆ ನೇಮಕಗೊಂಡ ಪ್ರತಿನಿಧಿಗಳು ಮಾತ್ರ ಸೇರಿ ಇಡೀ ಕಾಲೇಜಿಗೆ ಒಬ್ಬ ಜನರಲ್ ಸೆಕ್ರೆಟರಿಯನ್ನು ಓಟು ಹಾಕಿ ಆರಿಸಬೇಕು. ನಮ್ಮ ಡಿವಿಜನ್ನಿನ ಎದುರು ಟೈಪಾಗಿದ್ದ ಹೆಸರು ಶರಣಮ್ಮನದು. ಅಂಕದಲ್ಲಿ ಮೊದಲು, ಹಾಜರಿಯಲ್ಲಿ ಒಂದು ದಿನವೂ ತಪ್ಪಿಲ್ಲ.

ನಾನು, ರೇಣುಕಾ ಆಫೀಸಿಗೆ ಓಡಿದೆವು. ಕ್ಲಾರ್ಕ್ ಸಾವಂತರು ವಡಾಪಾವ್ ತಿನ್ನುತ್ತಿದ್ದರು. “ಸರ್, ವೋ ಲಡ್ಕೀ ಅಬ್ ನಹೀಂ ಹೈ. ಗುಜರ್ ಗಯೀ” ಎಂದೆ. ಅವರು ಕೈ ಒರೆಸಿಕೊಂಡು, ಹಾಜರಿ ಪುಸ್ತಕ ತೆಗೆಸಿ ನೋಡಿ, “ಕಲ್ ತಕ್ ತೋ ಆಯೀ ಹೈ” ಎಂದರು, ನಿನ್ನೆಯವರೆಗೂ ಬಂದಿದ್ದಾಳಂತೆ.

ವೈಸ್ ಪ್ರಿನ್ಸಿಪಾಲ್ ಮೇಡಂ ಅಲ್ಲೇ ಇದ್ದರು. ಕನ್ನಡಕ ಇಳಿಸಿ ನಮ್ಮಿಬ್ಬರನ್ನೂ ನೋಡಿ ಕೇಳಿದರು, “ಅವಳು ಬರುತ್ತಿಲ್ಲವಾದರೆ ಈ ಹಾಜರಿ ಯಾರದು? ಹೆಸರು ಹೇಳಿ. ಅವರ ಟರ್ಮ್ ರದ್ದು ಮಾಡುತ್ತೇನೆ.” ಮೇಡಂ ಹೇಳಿದ್ದು ಮರಾಠಿಯಲ್ಲಿ, ನಮ್ಮ ಮೈ ಬೆವರಿದ್ದು ಸ್ವಂತ ಭಾಷೆಯಲ್ಲಿ. ಯಾರ ಹೆಸರು ಹೇಳುವುದು? ಅವಳಿಗಾಗಿ ಮೊದಲ ವರ್ಷ ದನಿ ಕೊಟ್ಟವಳು ನಾನೇ ಎಂಬುದು ತರಗತಿಗೆಲ್ಲ ಗೊತ್ತಿತ್ತು. “ಹಾಜರಿ ಇದ್ದರೆ ಅವಳು ಇದ್ದಾಳೆ. ನಡೆಯಿರಿ” ಎಂದು ಮೇಡಂ ಮುಗಿಸಿದರು. ಬೇರೆಯವರನ್ನು ಆರಿಸುತ್ತೇವೆ, ಕೈ ಎತ್ತಿಸಿಯಾದರೂ ಕೇಳಿ ಎಂದು ಇಡೀ ತರಗತಿ ಬೇಡಿಕೊಂಡಿತು. ಚುನಾವಣೆ ಎಂದರೆ ಗಲಾಟೆ, ನೇಮಕವೇ ನಿಯಮ ಎಂಬ ಉತ್ತರ ಬಂತು.

ನನಗೆ ಆವರೆಗೆ ಓಟು ಗೀಟುಗಳಲ್ಲಿ ಆಸಕ್ತಿಯಿರಲಿಲ್ಲ. “ಇಲೆಕ್ಷನ್ ಗಿಲೆಕ್ಷನ್ ಅಂತ ಎಲ್ಲಾದರೂ ಹೋದರೆ ಕಾಲು ಮುರಿಯುತ್ತೇನೆ” ಎಂದು ಅಪ್ಪ ಶುದ್ಧ ಕನ್ನಡದಲ್ಲಿ ಎಚ್ಚರಿಸಿದ್ದರು. ಆದರೆ ಅಂದು ಮೆಟ್ಟಿಲ ಮೇಲೆ ಕೂತು ರೇಣುಕಾ ಅಳತೊಡಗಿದಾಗ ನನಗೆ ಸಂಗತಿ ಹೊಳೆಯಿತು.

“ನಮ್ಮವ್ವ ಕಡ್ಡಿ ಮುರ್ದಾಂಗ ಹೇಳ್ಯಾಳ. ಬಾಗಲ್ದಾಗ ಜೋತಾಡಿ ಹೋಗೂದಾದ್ರ ಓದೂದs ಬ್ಯಾಡ ಅಂತ. ಖಾಲಿ ಗಾಡಿಗೆ ಬಂದ್ರ ಇಲ್ಲಿ ಗೇಟ್ ಹಾಕಿರ್ತಾರ. ಈ ತಿಂಗಳ ನೋಡಿ ಬಿಡಿಸಿಬಿಡ್ತಾಳ ನನ್ನ. ಅಶ್ವಿನಿ ದೀದಿ ಆರಿಸಿ ಬಂದ್ರ ಗೇಟ್ ತಡಾ ಮುಚ್ಚಸ್ತೀನಿ ಅಂದಾಳ. ಅಕಿಗೆ ಒಂದು ಓಟು ಕಮ್ಮಿ ಬೀಳ್ತೈತಂತ. ನಮ್ಮ ಕ್ಲಾಸಿಂದು ಆ ಒಂದು ಓಟು.”

ಅಶ್ವಿನಿ ಮೂರನೆಯ ವರ್ಷದವಳು, ಅವಳೂ ಬದಲಾಪುರದಿಂದ ಲೋಕಲಿನಲ್ಲೇ ಬರುವವಳು. ಟಿಟ್ವಾಳಾ ಗಾಡಿ ಬಂದು ತಲುಪುವವರೆಗೆ ಗೇಟು ತೆರೆದಿರಬೇಕು ಎಂಬುದೊಂದೇ ಅವಳ ಬೇಡಿಕೆ. ಎದುರಾಳಿ, ವಾರ್ಷಿಕೋತ್ಸವಕ್ಕೆ ದೊಡ್ಡ ಡಿಜೆ ತರಿಸುತ್ತೇನೆ ಎಂದ ಹುಡುಗ. ನಮ್ಮ ತರಗತಿಯ ಒಂದು ಓಟು ಇದ್ದವರಲ್ಲಿ ಯಾರ ಕೈಯಲ್ಲಿದ್ದರೂ ಅಶ್ವಿನಿಗೇ ಬೀಳುತ್ತಿತ್ತು. ಅದು ಇಲ್ಲದವಳ ಕೈಯಲ್ಲಿತ್ತು.

ಓಟಿನ ದಿನ ಮಧ್ಯಾಹ್ನವೇ ಕತ್ತಲು ಕವಿದಿತ್ತು. ಆ ವರ್ಷಗಳಲ್ಲಿ ನಮ್ಮೂರಿಗೆ ಲೋಡ್ ಶೆಡ್ಡಿಂಗ್ ಎಂಬ ಶನಿ ಬೇರೆ ಹಿಡಿದಿತ್ತು. ಕರೆಂಟು ಹೋದ ಲೈಬ್ರರಿ ಕೋಣೆಯಲ್ಲಿ ಪ್ರತಿನಿಧಿಗಳು ಗುಂಪಾಗಿ ನಿಂತಿದ್ದರು. ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ, ಮುಚ್ಚಳದಲ್ಲಿ ಸೀಳು. ಹೊರಗೆ ವರಾಂಡದಲ್ಲಿ ನಾವು. ರೇಣುಕಾ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಸಾವಂತರು ಟಾರ್ಚಿನ ಬೆಳಕಲ್ಲಿ ಒಂದೊಂದೇ ತರಗತಿಯನ್ನು ಕರೆದರು. ಕರೆಸಿಕೊಂಡವರು ಉತ್ತರ ಕೊಟ್ಟು, ಚೀಟಿ ಬರೆದು ಡಬ್ಬಿಗೆ ಹಾಕಿದರು. ನಮ್ಮದು ಬಂತು. “ಸೆಕೆಂಡ್ ಇಯರ್ ಬಿ. ರೋಲ್ ನಂಬರ್ ಫಾರ್ಟಿ ಒನ್.”

ಒಂದೇ ಸಲ ಕರೆದರು. ಮಳೆಯ ಸದ್ದು. ಆಮೇಲೆ, ಕೋಣೆಯ ಒಳಗಿನಿಂದ, “ಪ್ರೆಸೆಂಟ್ ಸರ್.”

ಅದೇ ಏದುಸಿರು. ರೇಣುಕಾಳ ಕೈ ನನ್ನ ಕೈಯಲ್ಲೇ ಇತ್ತು. ನನ್ನ ತುಟಿ ಅಲುಗಿರಲಿಲ್ಲ, ಹಲ್ಲು ಕಚ್ಚಿ ಹಿಡಿದಿದ್ದೆ. ಕತ್ತಲಲ್ಲಿ ಯಾರೋ ಮೇಜಿನ ಕಡೆ ನಡೆದ ಹಾಗೆ, ಒದ್ದೆ ಚಪ್ಪಲಿಯ ಪಚಪಚ ಸದ್ದು ಕೇಳಿತು. ಮುಂದಿನ ತರಗತಿಯನ್ನು ಕರೆದರು.

ಕರೆಂಟು ಬಂದ ಮೇಲೆ ಎಣಿಸಿದಾಗ ಕೋಣೆಯಲ್ಲಿದ್ದ ತಲೆಗಳಿಗಿಂತ ಒಂದು ಚೀಟಿ ಹೆಚ್ಚಿತ್ತು. ಒಂದು ಚೀಟಿ ತೊಯ್ದು ಶಾಯಿ ಹರಡಿತ್ತು, ಮೇಡಂ ಅದನ್ನು ಫ್ಯಾನಿನ ಕೆಳಗೆ ಹಿಡಿದು ಓದಬೇಕಾಯಿತು. ಆಗಸ್ಟಿನ ಡೊಂಬಿವಲಿಯಲ್ಲಿ ಒದ್ದೆಯಾಗದ ಕಾಗದ ಯಾವುದು ಎಂದು ನಾನೇ ನನಗೆ ನೂರು ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅಶ್ವಿನಿ ಒಂದು ಓಟಿನಿಂದ ಗೆದ್ದಳು. ಡಿಜೆ ಹುಡುಗ ಚೀಟಿ ಹೆಚ್ಚಾಗಿದೆ ಎಂದು ತಕರಾರು ತೆಗೆದ. ಮೇಡಂ ಸಾವಂತರ ಮುಖ ನೋಡಿದರು. ಸಾವಂತರು ತಮ್ಮ ಗುರುತು ತೋರಿಸಿದರು, ನಲವತ್ತೊಂದು ಹಾಜರು. ಮೇಡಂ ಬಾಗಿಲಲ್ಲಿ ನಿಂತ ನಮ್ಮಿಬ್ಬರ ಕಡೆ ಒಮ್ಮೆ ನೋಡಿದರು. ಹಾಜರಿ ಇದ್ದರೆ ಅವಳು ಇದ್ದಾಳೆ ಎಂದವರು ಅವರೇ. ಈಗ ಇಲ್ಲ ಎನ್ನುವುದು ಹೇಗೆ? ಫಲಿತಾಂಶಕ್ಕೆ ಸಹಿ ಹಾಕಿದರು. ಒಳಗೆ ಮೇಜಿನ ಹತ್ತಿರ ಬಂದವರು ಯಾರು ಎಂದು ಆಮೇಲೆ ಅಶ್ವಿನಿಯನ್ನು ಕೇಳಿದರೆ, “ನಿಮ್ಮಲ್ಲೇ ಯಾರೋ ಅಂದುಕೊಂಡೆ” ಎಂದಳು.

ಅಶ್ವಿನಿ ನುಡಿದಂತೆ ನಡೆದಳು. ಪ್ರತಿನಿಧಿಗಳ ಇಡೀ ಮಂಡಳಿಯನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಬಳಿ ಹೋಗಿ ಕೂತಳು. ಗಣಪತಿ ಹಬ್ಬದ ರಜೆ ಮುಗಿದ ಮೇಲೆ ಟಿಟ್ವಾಳಾ ಗಾಡಿ ಬರುವವರೆಗೂ ಗೇಟು ತೆರೆದಿರುತ್ತದೆ, ಹಾಜರಿಯನ್ನು ಆಮೇಲೆಯೇ ಕರೆಯುತ್ತಾರೆ ಎಂದು ನಿಶ್ಚಯವಾಯಿತು.

ರೇಣುಕಾ ಈಗ ಕಲ್ಯಾಣದಲ್ಲಿ ಒಬ್ಬ ಆಡಿಟರ ಬಳಿ ಕೆಲಸದಲ್ಲಿದ್ದಾಳೆ. ಹಲ್ಲಿನ ಡಾಕ್ಟರ ಬಳಿಯಿಂದ ಬಂದ ಸಂಜೆ ಅವಳಿಗೆ ಫೋನು ಮಾಡಿ, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿಯೇಬಿಟ್ಟೆ. “ಒಂದ್ ದಿನ ನಾ ಹೇಳೀನಿ. ಬರೇ ಒಂದs ದಿನ” ಎಂದಳು. “ಸುಮ್ಮ ಇರಾಕ ಆಗ್ಲಿಲ್ಲವಾ. ಅಕಿ ನಂಬರ್ ಹಂಗ ಖಾಲಿ ಹೋಗೂದು ನೋಡಾಕ ಆಗ್ಲಿಲ್ಲ.” ಆಮೇಲೆ ಹಳೆಯ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಎಲ್ಲರದೂ ಒಂದೇ ಮಾತು, ಒಂದು ದಿನ ನಾನು, ಉಳಿದ ದಿನ ಯಾರೋ. ನನಗೆ ಅಳುವೇ ಬಂತು. ನಮ್ಮನ್ನು ಯಾರೂ ಕೇಳದಿದ್ದಾಗಲೂ ನಾವು ದಿನವೂ ಒಬ್ಬಳನ್ನು ಆರಿಸುತ್ತಿದ್ದೆವು. ಆದರೆ ಆ ಮೊದಲ ದಿನದ ದನಿ ತನ್ನದೆಂದು ಯಾರೂ ಒಪ್ಪಲಿಲ್ಲ. ಲೈಬ್ರರಿಯ ಒಳಗಿನದನ್ನು ನಾನು ಕೇಳಲೇ ಇಲ್ಲ. ನಾನು ಅಜ್ಜಿಯ ಮೊಮ್ಮಗಳು, ಕೆಲವು ಕೂಗುಗಳನ್ನು ಕೆದಕುವುದಿಲ್ಲ.

ಶ್ರೇಯಾಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕೊಟ್ಟರೆ ಇಷ್ಟೇ ಹೇಳುತ್ತೇನೆ. ನಮ್ಮನ್ನು ಒಂದು ಮಾತು ಕೇಳಿದ್ದರೆ ನಾವು ಬದುಕಿದ್ದವಳ ಹೆಸರು ಹೇಳುತ್ತಿದ್ದೆವು. ಸತ್ತವಳು ಎದ್ದು ಬಂದು ಓಟು ಹಾಕುವ ಕಷ್ಟ ತಪ್ಪುತ್ತಿತ್ತು. ನಮ್ಮ ಮಾತನ್ನು ಮೊದಲೇ ಕೇಳುವವರಿದ್ದಿದ್ದರೆ, ಗೇಟಿನ ವಿಷಯ ಜುಲೈಗೆ ಮುಂಚೆಯೇ ಯಾರಾದರೂ ಎತ್ತುತ್ತಿದ್ದರು.

ಗೇಟು ತಡವಾಗಿ ಮುಚ್ಚಿದ ಆ ಮೊದಲ ಬೆಳಗ್ಗೆ ರೇಣುಕಾ ಕಿಟಕಿ ಪಕ್ಕ ಕೂತು ಬಂದಿದ್ದಳು, ಕೂದಲು ಕೂಡ ಕೆದರಿರಲಿಲ್ಲ. ಅವಳು ಬಂದು ಕೂತ ಮೇಲೆಯೇ ಜೋಶಿ ಸರ್ ಹಾಜರಿ ಶುರುಮಾಡಿದರು. ‘ಫಾರ್ಟಿ.’ ಉತ್ತರ ಬಂತು. ‘ಫಾರ್ಟಿ ಒನ್.’

ಯಾರೂ ಏನೂ ಹೇಳಲಿಲ್ಲ. ಹಿಂದಿನ ಬೆಂಚು, ಕಿಟಕಿ, ಬಾಗಿಲು, ಎಲ್ಲಿಂದಲೂ ಏನೂ ಬರಲಿಲ್ಲ. ಜೋಶಿ ಸರ್ ಮೊದಲ ಬಾರಿಗೆ ತಲೆ ಎತ್ತಿದರು. ನಮ್ಮನ್ನು ಅವರು ನೋಡಿದ್ದು ಅಂದೇ ಇರಬೇಕು. ‘ಫಾರ್ಟಿ ಒನ್?’ ಎಂದು ಇನ್ನೊಮ್ಮೆ ಕೇಳಿದರು. ಮೂರನೆಯ ಸಲವೂ ಕೇಳಿದರು. ನಾವೆಲ್ಲ ಕಾದೆವು, ಬರಲಿ ಎಂದೋ ಬಾರದಿರಲಿ ಎಂದೋ ನನಗೆ ತಿಳಿಯದು. ಆಮೇಲೆ ಅವರು ಕೆಂಪು ಶಾಯಿಯಲ್ಲಿ ಏನೋ ಗುರುತು ಹಾಕಿ, ‘ಫಾರ್ಟಿ ಟೂ’ ಎಂದರು.

ಅದು ನನ್ನ ನಂಬರು. ಎಷ್ಟು ಪ್ರಯತ್ನಿಸಿದರೂ ನನ್ನ ಬಾಯಿಂದ ದನಿ ಹೊರಡಲಿಲ್ಲ. ಮೊದಲ ಬೆಂಚಿನಲ್ಲಿ, ಅವರ ಕಣ್ಣೆದುರೇ ಕೂತಿದ್ದರೂ ಆ ದಿನ ನಾನೂ ಗೈರುಹಾಜರು.